ಸನ್ ವರ್ಕ್‌ಸ್ಟೇಷನ್ ಬೂಟ್ ಆಗದೆ ನಿಂತಿದೆಯೇ? ಎರರ್ ಮೆಸೇಜ್ ಓದುವ ಕ್ರಮ ಇದು

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಯಂತ್ರವನ್ನು ಆನ್ ಮಾಡಿದರೆ ಸ್ಕ್ರೀನ್ ತುಂಬ ಸಾಲುಗಳು ಓಡುತ್ತವೆ. ಕೊನೆಗೆ ಒಂದು ಸಾಲು ಬಂದು ನಿಂತುಬಿಡುತ್ತದೆ, ಇಲ್ಲವೇ ಅದೇ ಸಾಲು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹೆಚ್ಚಿನವರು ಆ ಕೊನೆಯ ಸಾಲನ್ನೇ ಹಿಡಿದುಕೊಂಡು ಹುಡುಕಲು ಶುರು ಮಾಡುತ್ತಾರೆ, ನೆಟ್‌ವರ್ಕ್ ಅಂತ ಕಂಡರೆ ಕೇಬಲ್ ಬದಲಿಸುತ್ತಾರೆ, ಡಿಸ್ಕ್ ಅಂತ ಕಂಡರೆ ಡಿಸ್ಕನ್ನೇ ಕಿತ್ತು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊನೆಯ ಸಾಲು ಸಾಮಾನ್ಯವಾಗಿ ಪರಿಣಾಮ. ಕಾರಣ ಅದಕ್ಕಿಂತ ಎಷ್ಟೋ ಮೇಲೆ, ಕಣ್ಣಿಗೆ ಬೀಳದ ಹಾಗೆ ಓಡಿಹೋದ ಒಂದು ಸಾಲಿನಲ್ಲಿರುತ್ತದೆ.

ಈ ಲೇಖನ ಸ್ಪಾರ್ಕ್ ಪ್ರೊಸೆಸರ್ ಇರುವ ಸನ್ ಯಂತ್ರಗಳ ಬಗ್ಗೆ: ಸ್ಪಾರ್ಕ್‌ಸ್ಟೇಷನ್ 5, 10, 20, ಆಮೇಲೆ ಬಂದ ಅಲ್ಟ್ರಾ 1, ಅಲ್ಟ್ರಾ 5, ಅಲ್ಟ್ರಾ 10. ಒಳಗೆ ಸನ್ ಕಂಪನಿಯದೇ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್ ಇದೆ ಅಂದುಕೊಂಡಿದ್ದೇನೆ. 1990ರ ದಶಕದಲ್ಲಿ ಬೆಂಗಳೂರಿನ ಚಿಪ್ ಡಿಸೈನ್ ಕಚೇರಿಗಳಲ್ಲಿ ಇಂಥ ಯಂತ್ರಗಳು ಬೇಕಾದಷ್ಟಿದ್ದವು. ಸನ್ ಕಂಪನಿಯನ್ನು 2010ರಲ್ಲಿ ಆರಕಲ್ ಕೊಂಡುಕೊಂಡಿತು. ಕಂಪನಿ ಹೋದರೂ ಯಂತ್ರಗಳು ಉಳಿದಿವೆ, ಅವುಗಳ ಡಿಸ್ಕಿನಲ್ಲಿ ಯಾರಿಗೋ ಬೇಕಾದ ಹಳೆಯ ಫೈಲುಗಳೂ ಉಳಿದಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆಸೇಜು, ಕಮಾಂಡು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ, ಉಚ್ಚರಿಸುವ ಹಾಗೆ ಬರೆದಿದ್ದೇನೆ. ಯಂತ್ರದಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಗೆರೆ, ಚುಕ್ಕಿ, ಪ್ರಶ್ನೆ ಚಿಹ್ನೆ ಇದ್ದ ಹಾಗೇ ಹಾಕಬೇಕು. "ಡಯಾಗ್-ಸ್ವಿಚ್?" ಅನ್ನುವಲ್ಲಿ ಆ ಪ್ರಶ್ನೆ ಚಿಹ್ನೆ ಹೆಸರಿನದೇ ಭಾಗ.

ಹಂತ 1: ಮಾತಾಡುತ್ತಿರುವುದು ಯಾರು ಅಂತ ಗುರುತಿಸಿ

ಆನ್ ಆದ ಕ್ಷಣದಿಂದ ಲಾಗಿನ್ ಬರುವವರೆಗೆ ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ಮೆಸೇಜ್ ಯಾರದು ಅಂತ ಗೊತ್ತಾದರೆ ಯಂತ್ರ ಎಲ್ಲಿಯವರೆಗೆ ಬಂದಿದೆ ಅಂತಲೂ ಗೊತ್ತಾಯಿತು, ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಓಪನ್‌ಬೂಟ್ ಪ್ರಾಮ್. ಇದು ಮದರ್‌ಬೋರ್ಡ್ ಮೇಲಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಂ, ಡಿಸ್ಕ್ ಇಲ್ಲದಿದ್ದರೂ ಮಾತಾಡುತ್ತದೆ. ಯಂತ್ರದ ಮಾಡೆಲ್, ಮೆಮೊರಿ ಎಷ್ಟಿದೆ, ಈಥರ್‌ನೆಟ್ ವಿಳಾಸ, ಹೋಸ್ಟ್ ಐಡಿ (ಯಂತ್ರದ ಗುರುತಿನ ನಂಬರ್) ಇವನ್ನು ತೋರಿಸುವ ಬ್ಯಾನರ್ ಇದರದು. "ಬೂಟ್ ಡಿವೈಸ್" ಅಂತ ಶುರುವಾಗುವ ಸಾಲೂ ಇದರದೇ. ಏನಾದರೂ ಕೆಟ್ಟರೆ "ಓಕೆ" ಅನ್ನುವ ಪ್ರಾಂಪ್ಟ್ ಕೊಟ್ಟು ಕೂರುತ್ತದೆ.

ಎರಡನೆಯದು ಡಿಸ್ಕಿನ ಮೊದಲ ಭಾಗದಲ್ಲಿರುವ ಬೂಟ್ ಪ್ರೋಗ್ರಾಂ. ಇದರ ಮೆಸೇಜುಗಳು "ಬೂಟ್:" ಅಂತ ಶುರುವಾಗುತ್ತವೆ.

ಮೂರನೆಯದು ಕರ್ನಲ್, ಅಂದರೆ ಸೋಲಾರಿಸ್ಸಿನ ತಿರುಳು. "ಸನ್‌ಓಎಸ್ ರಿಲೀಸ್ 5.8" ಅಂಥ ಸಾಲು ಕಂಡಿತೆಂದರೆ ಕರ್ನಲ್ ಮೆಮೊರಿಗೆ ಬಂದು ಓಡಲು ಶುರು ಮಾಡಿದೆ. 5.8 ಅಂದರೆ ಸೋಲಾರಿಸ್ 8. ಕರ್ನಲ್ ಆತಂಕಪಟ್ಟಾಗ "ವಾರ್ನಿಂಗ್:" ಅನ್ನುತ್ತದೆ, ಕೈಚೆಲ್ಲಿದಾಗ "ಪ್ಯಾನಿಕ್" ಅನ್ನುತ್ತದೆ.

ಕೊನೆಗೆ ಸ್ಟಾರ್ಟ್‌ಅಪ್ ಸ್ಕ್ರಿಪ್ಟುಗಳು. ಸೋಲಾರಿಸ್ 9ರವರೆಗೆ "ಹೋಸ್ಟ್‌ನೇಮ್:", "ದಿ ಸಿಸ್ಟಮ್ ಈಸ್ ಕಮಿಂಗ್ ಅಪ್", ಎಲ್ಲಾ ಆದಮೇಲೆ "ದಿ ಸಿಸ್ಟಮ್ ಈಸ್ ರೆಡಿ" ಇವೆಲ್ಲ ಅವುಗಳ ಮಾತು. ಇಲ್ಲಿಗೆ ಬಂದಿದೆ ಅಂದರೆ ಹಾರ್ಡ್‌ವೇರ್ ಬಹುಪಾಲು ಸರಿಯಿದೆ. ಈಗ ಡಿಸ್ಕ್ ಬಿಚ್ಚುವ ಅಗತ್ಯವಿಲ್ಲ.

ಹಂತ 2: ಸಾಲುಗಳನ್ನು ಹಿಡಿದಿಡಿ

ಮೇಲಿನ ಸಾಲೇ ಮುಖ್ಯ ಅಂದೆ. ಆದರೆ ಅದು ಓಡಿಹೋಗುತ್ತದೆ, ಅಲ್ವಾ? ಅದಕ್ಕೆ ಸನ್ ಯಂತ್ರಗಳಲ್ಲಿ ಬಹಳ ಒಳ್ಳೆಯ ದಾರಿ ಇದೆ. ಪವರ್ ಆಫ್ ಮಾಡಿ, ಕೀಬೋರ್ಡ್ ಕಳಚಿ, ಹಿಂದಿರುವ ಸೀರಿಯಲ್ ಪೋರ್ಟ್ ಎಗೆ ನಿಮ್ಮ ಲ್ಯಾಪ್‌ಟಾಪ್ ಜೋಡಿಸಿ. ಕೀಬೋರ್ಡ್ ಇಲ್ಲದಿದ್ದರೆ ಪ್ರಾಮ್ "ಕೀಬೋರ್ಡ್ ನಾಟ್ ಪ್ರೆಸೆಂಟ್" ಅಂತ ಹೇಳಿ ಎಲ್ಲಾ ಮಾತನ್ನೂ ಸೀರಿಯಲ್ ಪೋರ್ಟಿಗೆ ಕಳಿಸುತ್ತದೆ. ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಬೇಕಾಗುವುದು ಯುಎಸ್‌ಬಿ-ಸೀರಿಯಲ್ ಕೇಬಲ್, ನಲ್ ಮೋಡೆಮ್ ಅಡಾಪ್ಟರ್, ಮತ್ತು ಅಲ್ಟ್ರಾ 5ರಂಥ ಯಂತ್ರದಲ್ಲಿ ಪೋರ್ಟ್ ಎ 25 ಪಿನ್ನಿನದು ಆಗಿರುವುದರಿಂದ 9ರಿಂದ 25ಕ್ಕೆ ಹೋಗುವ ಕನೆಕ್ಟರ್. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ಮಿನಿಕಾಮ್‌ನಂಥ ಪ್ರೋಗ್ರಾಂ ಹಾಕಿ, ಲಾಗ್ ಫೈಲ್ ಆನ್ ಮಾಡಿ, ಆಮೇಲೆ ಸನ್ ಯಂತ್ರಕ್ಕೆ ಪವರ್ ಕೊಡಿ. ಈಗ ಪ್ರತಿ ಅಕ್ಷರವೂ ಫೈಲಿನಲ್ಲಿ ಉಳಿಯುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಮಾನಿಟರ್ ಕಪ್ಪಗಿದೆ, ಯಂತ್ರ ಸತ್ತಿದೆ ಅಂತ ಬಿಸಾಡುವ ಮುಂಚೆ ಕೀಬೋರ್ಡ್ ಸರಿಯಾಗಿ ಸಿಕ್ಕಿಸಿದೆಯೇ ನೋಡಿ. ಸಿಕ್ಕಿಸಿಲ್ಲದಿದ್ದರೆ ಯಂತ್ರ ಸೀರಿಯಲ್ ಪೋರ್ಟಿನಲ್ಲಿ ಮಾತಾಡುತ್ತಿರುತ್ತದೆ, ನೀವು ಖಾಲಿ ಸ್ಕ್ರೀನ್ ನೋಡುತ್ತಿರುತ್ತೀರಿ.

ಸೀರಿಯಲ್ ಕೇಬಲ್ ಸಿಗದಿದ್ದರೆ ಫೋನಿನಲ್ಲಿ ವೀಡಿಯೋ ತೆಗೆದು ನಿಧಾನವಾಗಿ ನೋಡಿ, ಅದೂ ನಡೆಯುತ್ತದೆ.

ಹಂತ 3: ಬ್ಯಾಟರಿ ಸತ್ತಿದೆಯೇ ನೋಡಿ

ಹಳೆಯ ಸನ್ ಯಂತ್ರದ ಮುಂದೆ ಕೂತವರು ಬೇರೆ ಏನು ನೋಡುವ ಮುಂಚೆಯೂ ಇದನ್ನು ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸ್ಕ್ರೀನಿನಲ್ಲಿ ಕಾಣುವುದು ಇದು, ಮತ್ತೆ ಮತ್ತೆ:

ಟೈಮ್‌ಔಟ್ ವೇಟಿಂಗ್ ಫಾರ್ ಎಆರ್‌ಪಿ/ಆರ್‌ಎಆರ್‌ಪಿ ಪ್ಯಾಕೆಟ್

ನೋಡಿದವರು ನೆಟ್‌ವರ್ಕ್ ತೊಂದರೆ ಅಂದುಕೊಳ್ಳುತ್ತಾರೆ. ಆದರೆ ಲಾಗ್ ಫೈಲಿನ ಮೇಲಕ್ಕೆ ಹೋಗಿ, ಬ್ಯಾನರಿನ ಹತ್ತಿರ ನೋಡಿ. ಹೀಗೊಂದು ಸಾಲು ಇರಬಹುದು:

ದಿ ಐಡಿಪ್ರಾಮ್ ಕಂಟೆಂಟ್ಸ್ ಆರ್ ಇನ್‌ವ್ಯಾಲಿಡ್

ಇಲ್ಲವೇ "ಇನ್‌ಕರೆಕ್ಟ್ ಕಾನ್ಫಿಗರೇಷನ್ ಚೆಕ್‌ಸಮ್" ಅಂತ ಶುರುವಾಗಿ, ಎನ್‌ವಿರ‍್ಯಾಮ್ ಮೌಲ್ಯಗಳನ್ನು ಡಿಫಾಲ್ಟಿಗೆ ತಂದಿದ್ದೇನೆ, ಡಯಾಗ್-ಸ್ವಿಚ್ ಅನ್ನು ಟ್ರೂ ಮಾಡಿದ್ದೇನೆ ಅನ್ನುವ ಸಾಲುಗಳು. ಬ್ಯಾನರಿನಲ್ಲಿ ಈಥರ್‌ನೆಟ್ ವಿಳಾಸ ಬರೀ ಎಫ್‌ಎಫ್:ಎಫ್‌ಎಫ್:ಎಫ್‌ಎಫ್ ಅಂತ ಸಾಲಾಗಿ ಕಾಣುತ್ತದೆ, ಹೋಸ್ಟ್ ಐಡಿಯೂ ಹಾಗೇ.

ಆಗಿದ್ದು ಇಷ್ಟು. ಈ ಯಂತ್ರಗಳಲ್ಲಿ ಎನ್‌ವಿರ‍್ಯಾಮ್ (ಪವರ್ ಇಲ್ಲದಾಗಲೂ ಸೆಟ್ಟಿಂಗುಗಳನ್ನು ನೆನಪಿಡುವ ಮೆಮೊರಿ) ಮತ್ತು ಗಡಿಯಾರ ಎರಡೂ ಒಂದೇ ಚಿಪ್ಪಿನಲ್ಲಿವೆ, ಸ್ಪಾರ್ಕ್‌ಸ್ಟೇಷನ್ 20ರಲ್ಲಿ 48ಟಿ08, ಅಲ್ಟ್ರಾ 5ರಲ್ಲಿ 48ಟಿ59. ಬ್ಯಾಟರಿ ಆ ಚಿಪ್ಪಿನ ಒಳಗೇ ಅಂಟಿನಲ್ಲಿ ಹುದುಗಿದೆ, ಹೊರಗಿಂದ ಕಾಣುವುದಿಲ್ಲ. ಅದರ ಆಯುಸ್ಸು ಸುಮಾರು 10 ವರ್ಷ ಅಂತ ಲೆಕ್ಕ. ಈ ಯಂತ್ರಗಳಿಗೆ ಈಗ 20 ವರ್ಷ ದಾಟಿದೆ. ಬ್ಯಾಟರಿ ಹೋದಾಗ ಚಿಪ್ಪಿನಲ್ಲಿದ್ದ ಈಥರ್‌ನೆಟ್ ವಿಳಾಸ, ಹೋಸ್ಟ್ ಐಡಿ, ಯಾವ ಡಿಸ್ಕಿನಿಂದ ಬೂಟ್ ಆಗಬೇಕು ಅನ್ನುವ ಮಾಹಿತಿ ಎಲ್ಲವೂ ಅಳಿಸಿಹೋಗುತ್ತದೆ. ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ತಪ್ಪಿದ್ದನ್ನು ಪ್ರಾಮ್ ಗಮನಿಸುತ್ತದೆ, ಡಯಾಗ್ನೋಸ್ಟಿಕ್ ಸ್ಥಿತಿಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಅದು ಡಿಸ್ಕನ್ನು ಬಿಟ್ಟು ನೆಟ್‌ವರ್ಕಿನಿಂದ ಬೂಟ್ ಆಗಲು ನೋಡುತ್ತದೆ. ನಿಮ್ಮ ಮನೆಯಲ್ಲಿ ಬೂಟ್ ಸರ್ವರ್ ಇಲ್ಲ. ಹಾಗಾಗಿ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ಬ್ಯಾಟರಿ ಸತ್ತಿದ್ದಕ್ಕೆ ನೆಟ್‌ವರ್ಕಿನ ಮೆಸೇಜ್! ಕೊನೆಯ ಸಾಲನ್ನು ನಂಬಬೇಡಿ ಅಂದಿದ್ದು ಇದಕ್ಕೇ.

ಸದ್ಯಕ್ಕೆ ದಾರಿ ಮಾಡಿಕೊಳ್ಳುವುದು ಹೀಗೆ. ಸ್ಟಾಪ್ ಕೀಯನ್ನು ಒತ್ತಿ ಹಿಡಿದು ಎ ಒತ್ತಿ, ಸೀರಿಯಲ್ ಇದ್ದರೆ ಬ್ರೇಕ್ ಕಳಿಸಿ. ಓಕೆ ಪ್ರಾಂಪ್ಟ್ ಬರುತ್ತದೆ. ಅಲ್ಲಿ:

ಸೆಟ್‌ಎನ್ವ್ ಡಯಾಗ್-ಸ್ವಿಚ್? ಫಾಲ್ಸ್
ಬೂಟ್ ಡಿಸ್ಕ್

ಡಿಸ್ಕ್ ಚೆನ್ನಾಗಿದ್ದರೆ ಬಹಳ ಸಲ ಇಷ್ಟಕ್ಕೇ ಸೋಲಾರಿಸ್ ಶುರುವಾಗುತ್ತದೆ. ಆದರೆ ನೆಟ್‌ವರ್ಕ್ ನೆಟ್ಟಗೆ ನಡೆಯಬೇಕಾದರೆ, ಹೋಸ್ಟ್ ಐಡಿ ನೋಡಿ ಲೈಸೆನ್ಸ್ ಕೊಡುವ ಹಳೆಯ ಡಿಸೈನ್ ಸಾಫ್ಟ್‌ವೇರ್ ಓಡಬೇಕಾದರೆ, ಐಡಿಪ್ರಾಮ್, ಅಂದರೆ ಆ ಚಿಪ್ಪಿನಲ್ಲಿ ಯಂತ್ರದ ಗುರುತು ಇರುವ ಭಾಗ, ತುಂಬಲೇಬೇಕು. ಅದೂ ಓಕೆ ಪ್ರಾಂಪ್ಟಿನಲ್ಲೇ ಆಗುತ್ತದೆ, ಏಕೆಂದರೆ ಆ ಪ್ರಾಂಪ್ಟ್ ಪೂರ್ತಿ ಫೋರ್ತ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಫೋರ್ತ್‌ನಲ್ಲಿ ಮೊದಲು ಬೆಲೆ, ಆಮೇಲೆ ಸ್ಥಾನ, ಕೊನೆಗೆ ಕ್ರಿಯೆ. "8 2 ಎಂಕೆಪಿ" ಅಂದರೆ 2ನೇ ಸ್ಥಾನದಲ್ಲಿ 8 ಬರೆ ಅಂತ. ಅಂಕಿಗಳೆಲ್ಲ ಹೆಕ್ಸಾಡೆಸಿಮಲ್, ಅಂದರೆ 9 ಆದ ಮೇಲೆ ಎಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ.

ಒಟ್ಟು 16 ಬೈಟ್. 0ನೇ ಸ್ಥಾನದಲ್ಲಿ ಯಾವಾಗಲೂ 1. ಮುಂದಿನದು ಯಂತ್ರದ ಬಗೆ. 2ರಿಂದ 7ರವರೆಗೆ ಈಥರ್‌ನೆಟ್ ವಿಳಾಸ, ಅದರಲ್ಲಿ ಮೊದಲ ಮೂರು 8, 0, 20, ಅದು ಸನ್‌ಗೆ ಮೀಸಲಾದ ಗುರುತು. 8ರಿಂದ ಬಿವರೆಗೆ ತಯಾರಾದ ತಾರೀಖು, ಇಲ್ಲಿ ಸೊನ್ನೆ ಹಾಕಿದರೂ ನಡೆಯುತ್ತದೆ. ಸಿ, ಡಿ, ಇ ಸ್ಥಾನಗಳಲ್ಲಿ ಹೋಸ್ಟ್ ಐಡಿಯ ಕೊನೆಯ ಮೂರು ಬೈಟ್. ಎಫ್ ಸ್ಥಾನದಲ್ಲಿ ಮೇಲಿನ ಎಲ್ಲವನ್ನೂ ಎಕ್ಸಾರ್ ಮಾಡಿದ ಚೆಕ್‌ಸಮ್. ಹೀಗೆ ಬರೆಯಿರಿ:

1 0 ಎಂಕೆಪಿ
ರಿಯಲ್-ಮಷೀನ್-ಟೈಪ್ 1 ಎಂಕೆಪಿ
8 2 ಎಂಕೆಪಿ
0 3 ಎಂಕೆಪಿ
20 4 ಎಂಕೆಪಿ

ಇದೇ ರೀತಿ 5, 6, 7ರಲ್ಲಿ ನಿಮ್ಮ ವಿಳಾಸದ ಉಳಿದ ಮೂರು ಬೈಟ್, ಮುಂದೆ ಸೊನ್ನೆಗಳು, ಆಮೇಲೆ ಹೋಸ್ಟ್ ಐಡಿ. ಚೆಕ್‌ಸಮ್ಮನ್ನು ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ, ಈ ಸಾಲು ಹಾಕಿದರೆ ಯಂತ್ರವೇ ಹಾಕಿಕೊಳ್ಳುತ್ತದೆ:

0 ಎಫ್ 0 ಡೂ ಐ ಐಡಿಪ್ರಾಮ್@ ಎಕ್ಸಾರ್ ಲೂಪ್ ಎಫ್ ಎಂಕೆಪಿ

ಆಮೇಲೆ "ಬ್ಯಾನರ್" ಅಂತ ಟೈಪ್ ಮಾಡಿ ನೋಡಿ, ವಿಳಾಸ ಸರಿಯಾಗಿ ಕಂಡರೆ ಗೆದ್ದಿರಿ. ಹಳೆಯ ವಿಳಾಸ ಎಲ್ಲಾದರೂ ಬರೆದಿಟ್ಟಿದ್ದರೆ ಅದನ್ನೇ ಹಾಕಿ. ಹೊಸದಾಗಿ ಹುಟ್ಟಿಸುವುದಾದರೆ ಒಂದೇ ನೆಟ್‌ವರ್ಕಿನಲ್ಲಿ ಎರಡು ಯಂತ್ರಕ್ಕೆ ಒಂದೇ ವಿಳಾಸ ಬರದ ಹಾಗೆ ನೋಡಿಕೊಳ್ಳಿ.

ಬ್ಯಾಟರಿ ಬದಲಿಸದೆ ಇದನ್ನೆಲ್ಲ ಬರೆದರೆ ಪವರ್ ಕಿತ್ತ ಮೇಲೆ ಮತ್ತೆ ಅಳಿಸಿಹೋಗುತ್ತದೆ. ಕಾಯಂ ಪರಿಹಾರ ಎರಡು. ಒಂದು, ಹೊಸ ಚಿಪ್ ತರಿಸಿ ಸಾಕೆಟ್ಟಿಗೆ ಹಾಕುವುದು. ಕೊಳ್ಳುವಾಗ ತಯಾರಾದ ವರ್ಷ ಕೇಳಿ, ಬಳಸದೆ ಇಟ್ಟ ಹಳೆಯ ಸ್ಟಾಕಾದರೆ ಒಳಗಿನ ಬ್ಯಾಟರಿಯೂ ಅಷ್ಟೇ ಹಳೆಯದು. ಎರಡು, ಚಿಪ್ಪಿನ ತುದಿಯ ಅಂಟನ್ನು ಹುಷಾರಾಗಿ ಕೆರೆದು, ಒಳಗಿನ ಬ್ಯಾಟರಿಯ ತಂತಿ ಕತ್ತರಿಸಿ, 3 ವೋಲ್ಟಿನ ಸಿಆರ್2032 ಸೆಲ್ಲಿನ ಹೋಲ್ಡರ್ ಬೆಸೆಯುವುದು. ಸಾಲ್ಡರಿಂಗ್ ಕೈ ಪಳಗಿದ್ದರೆ ಎರಡನೆಯದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಮುಂದಿನ ಸಲ ಸೆಲ್ ಬದಲಿಸುವುದು ಒಂದು ನಿಮಿಷದ ಕೆಲಸ ಆಗುತ್ತದೆ.

ಗಡಿಯಾರವೂ ಅದೇ ಚಿಪ್ಪಿನಲ್ಲಿ ಅಂದೆನಲ್ಲ. ಕರ್ನಲ್ ಬಂದ ಮೇಲೆ "ಚೆಕ್ ಅಂಡ್ ರೀಸೆಟ್ ದಿ ಡೇಟ್" ಅನ್ನುವ ವಾರ್ನಿಂಗ್ ಕಂಡರೆ ಅದರ ಮೂಲವೂ ಇದೇ. ಬೇರೆ ಕಾರಣ ಹುಡುಕಬೇಡಿ, ಡೇಟ್ ಕಮಾಂಡಿನಲ್ಲಿ ತಾರೀಖು ಸರಿಮಾಡಿ ಮುಂದೆ ಹೋಗಿ.

ಹಂತ 4: ಡಿಸ್ಕ್ ತೆರೆಯುತ್ತಿಲ್ಲವೋ, ತೆರೆದರೂ ಒಳಗೇನಿಲ್ಲವೋ

ಪ್ರಾಮ್ ಡಿಸ್ಕಿನ ಬಗ್ಗೆ ಹೇಳುವ ಎರಡು ಮೆಸೇಜುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಪೂರ್ತಿ ಬೇರೆ.

"ಕಾಂಟ್ ಓಪನ್ ಬೂಟ್ ಡಿವೈಸ್" ಅಂದರೆ ಡಿಸ್ಕೇ ಸಿಗಲಿಲ್ಲ. ಡಿಸ್ಕ್ ತಿರುಗುತ್ತಿಲ್ಲ, ಕೇಬಲ್ ಸಡಿಲ, ಇಲ್ಲವೇ ತಪ್ಪು ಹೆಸರಿನಲ್ಲಿ ಹುಡುಕುತ್ತಿದೆ. "ದಿ ಫೈಲ್ ಜಸ್ಟ್ ಲೋಡೆಡ್ ಡಸ್ ನಾಟ್ ಅಪಿಯರ್ ಟು ಬಿ ಎಕ್ಸಿಕ್ಯೂಟಬಲ್" ಅಂದರೆ ಡಿಸ್ಕ್ ಸಿಕ್ಕಿತು, ಓದಿದ್ದೂ ಆಯಿತು, ಆದರೆ ಓದಿದ್ದು ಬೂಟ್ ಪ್ರೋಗ್ರಾಂ ಅಲ್ಲ. ಮೊದಲನೆಯದರಲ್ಲಿ ಕೇಬಲ್ ನೋಡಬೇಕು, ಎರಡನೆಯದರಲ್ಲಿ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ.

ಮೊದಲನೆಯದಕ್ಕೆ ಓಕೆ ಪ್ರಾಂಪ್ಟಿನಲ್ಲಿ ಮೊದಲು "ರೀಸೆಟ್-ಆಲ್" ಕೊಡಿ, ಹಳೆಯ ಸ್ಪಾರ್ಕ್‌ಸ್ಟೇಷನ್ನಿನಲ್ಲಿ ಬರೀ "ರೀಸೆಟ್". ತಾನಾಗಿ ಬೂಟ್ ಆಗಲು ಹೊರಟರೆ "ಸೆಟ್‌ಎನ್ವ್ ಆಟೋ-ಬೂಟ್? ಫಾಲ್ಸ್" ಅಂತ ಮೊದಲೇ ಹೇಳಿಡಿ. ಆಮೇಲೆ "ಪ್ರೋಬ್-ಸ್ಕಸಿ-ಆಲ್", ಅಲ್ಟ್ರಾ 5 ಮತ್ತು 10ರಲ್ಲಿ ಡಿಸ್ಕ್ ಐಡಿಇ ಆಗಿರುವುದರಿಂದ "ಪ್ರೋಬ್-ಐಡಿಇ" (ಸ್ಕಸಿ, ಐಡಿಇ ಅಂದರೆ ಡಿಸ್ಕ್ ಜೋಡಿಸುವ ಎರಡು ಬಗೆ). ರೀಸೆಟ್ ಮಾಡದೆ ಪ್ರೋಬ್ ಮಾಡಿದರೆ ಯಂತ್ರ ಅಲ್ಲೇ ನಿಂತುಬಿಡಬಹುದು, ಹೊಸ ಪ್ರಾಮ್‌ಗಳು ಅದನ್ನು ಎಚ್ಚರಿಸಿ ಮುಂದುವರಿಯಲೇ ಅಂತ ಕೇಳುತ್ತವೆ ಕೂಡ. ಪಟ್ಟಿಯಲ್ಲಿ ಡಿಸ್ಕಿನ ಹೆಸರು ಬಂದರೆ ಡಿಸ್ಕ್ ಬದುಕಿದೆ. ಬರದಿದ್ದರೆ ಕೇಬಲ್, ಪವರ್, ಸ್ಕಸಿ ಆದರೆ ಸಾಲಿನ ಕೊನೆಗೆ ಹಾಕುವ ಟರ್ಮಿನೇಟರ್ ನೋಡಿ.

ಡಿಸ್ಕ್ ಪಟ್ಟಿಯಲ್ಲಿದೆ, ಆದರೂ ತೆರೆಯುತ್ತಿಲ್ಲ ಅಂದರೆ ಹೆಸರು ತಪ್ಪಿರಬೇಕು. "ಪ್ರಿಂಟ್‌ಎನ್ವ್ ಬೂಟ್-ಡಿವೈಸ್" ಮತ್ತು "ಡೆವ್‌ಏಲಿಯಾಸ್" ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲ್ಟ್ರಾ 5ರಲ್ಲಿ ಡಿಸ್ಕಿನ ನಿಜವಾದ ದಾರಿ ಹೀಗಿರುತ್ತದೆ:

/ಪಿಸಿಐ@1ಎಫ್,0/ಪಿಸಿಐ@1,1/ಐಡಿಇ@3/ಡಿಸ್ಕ್@0,0

ಇಷ್ಟುದ್ದದ ಹೆಸರು ಕಂಡು ಗಾಬರಿಯಾಗಬೇಡಿ. ಪ್ರೊಸೆಸರ್ ಕಡೆಯಿಂದ ಹೊರಟು ಒಂದೊಂದೇ ಬಸ್ ದಾಟಿ ಡಿಸ್ಕಿಗೆ ಬರುವ ದಾರಿ ಅಷ್ಟೇ. ನಮಗೆ ಬೇಕಾಗಿರುವುದು ಬಲತುದಿ. ಸ್ಪಾರ್ಕ್‌ಸ್ಟೇಷನ್ನುಗಳಲ್ಲಿ ಒಳಗಿನ ಬೂಟ್ ಡಿಸ್ಕ್ ಸ್ಕಸಿ ಟಾರ್ಗೆಟ್ 3, ಸಿಡಿ ಡ್ರೈವ್ ಟಾರ್ಗೆಟ್ 6. ಬೇರೆ ನಂಬರಿನ ಡಿಸ್ಕ್ ಹಾಕಿದ್ದರೆ "ಡಿಸ್ಕ್" ಅನ್ನುವ ಅಡ್ಡಹೆಸರು ಖಾಲಿ ಜಾಗವನ್ನು ತೋರಿಸುತ್ತಿರುತ್ತದೆ.

ಗಮನಿಸಿ, ಅಲ್ಟ್ರಾಗಳಲ್ಲಿ ಬೂಟ್-ಡಿವೈಸಿನ ಡಿಫಾಲ್ಟ್ "ಡಿಸ್ಕ್ ನೆಟ್". ಡಿಸ್ಕ್ ಸಿಗದಿದ್ದರೆ ಸುಮ್ನೆ ನೆಟ್‌ವರ್ಕಿಗೆ ಹೋಗುತ್ತದೆ, ಮತ್ತೆ ಅದೇ ಎಆರ್‌ಪಿ ಸಾಲು. ಹಾಗಾಗಿ ಆ ಸಾಲು ಕಂಡಾಗಲೆಲ್ಲ ಮೇಲೆ ನೋಡಿ: ಐಡಿಪ್ರಾಮ್ ಮಾತು ಇದ್ದರೆ ಬ್ಯಾಟರಿ, ಇಲ್ಲದಿದ್ದರೆ ಡಿಸ್ಕ್.

ಎರಡನೆಯ ಮೆಸೇಜಿಗೆ, ಅಂದರೆ ಬೂಟ್ ಪ್ರೋಗ್ರಾಂ ಹಾಳಾಗಿದ್ದರೆ, ಸೋಲಾರಿಸ್ ಸಿಡಿ ಹಾಕಿ "ಬೂಟ್ ಸಿಡಿರಾಮ್ -ಎಸ್" ಅನ್ನಿ, ಬಂದ ಪ್ರಾಂಪ್ಟಿನಲ್ಲಿ ಇನ್‌ಸ್ಟಾಲ್‌ಬೂಟ್ ಕಮಾಂಡಿನಿಂದ ಬೂಟ್‌ಬ್ಲಾಕನ್ನು ಮತ್ತೆ ಬರೆಯಿರಿ. ಉಳಿದ ಫೈಲುಗಳಿಗೆ ಏನೂ ಆಗುವುದಿಲ್ಲ.

"ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಡಿಸ್ಕ್ ಲೇಬಲ್" ಅಂದರೆ ಡಿಸ್ಕಿನ ಯಾವ ಸ್ಲೈಸ್ (ಪಾರ್ಟಿಷನ್) ಎಲ್ಲಿಂದ ಎಲ್ಲಿಗೆ ಅನ್ನುವ ಪಟ್ಟಿ ಕೆಟ್ಟಿದೆ. ಫೈಲುಗಳು ಬೇಕಿದ್ದರೆ ಆತುರದಲ್ಲಿ ಹೊಸ ಲೇಬಲ್ ಬರೆಯಬೇಡಿ. ಫಾರ್ಮ್ಯಾಟ್ ಪ್ರೋಗ್ರಾಂನಲ್ಲಿ "ಬ್ಯಾಕಪ್" ಅನ್ನುವ ಆಯ್ಕೆ ಇದೆ, ಅದು ಡಿಸ್ಕಿನಲ್ಲೇ ಇರುವ ಲೇಬಲ್ಲಿನ ನಕಲನ್ನು ಹುಡುಕುತ್ತದೆ. ಮೊದಲು ಅದು.

"ಫಾಸ್ಟ್ ಡೇಟಾ ಆಕ್ಸೆಸ್ ಎಂಎಂಯು ಮಿಸ್" ಕಂಡು ಪ್ರೊಸೆಸರ್ ಹೋಯಿತು ಅಂತ ಹೆದರುವವರಿದ್ದಾರೆ. ಸ್ಟಾಪ್-ಎ ಒತ್ತಿದ ಮೇಲೆ ರೀಸೆಟ್ ಮಾಡದೆ ಬೂಟ್ ಅಂದಾಗ ಇದು ಬರುವುದುಂಟು. ರೀಸೆಟ್-ಆಲ್ ಕೊಟ್ಟು ಮತ್ತೆ ನೋಡಿ, ಆಗಲೂ ಬಂದರೆ ಬೂಟ್‌ಬ್ಲಾಕ್ ಕಡೆ ಹೋಗಿ.

ಹಂತ 5: ಕರ್ನಲ್ ಮಾತಾಡಿದಾಗ

"ಬೂಟ್: ಕೆನಾಟ್ ಓಪನ್ ಕರ್ನಲ್/..." ಅಂದರೆ ಬೂಟ್ ಪ್ರೋಗ್ರಾಂ ಬಂದಿದೆ, ಕರ್ನಲ್ ಫೈಲ್ ಸಿಗುತ್ತಿಲ್ಲ. ಸಾಮಾನ್ಯವಾಗಿ ರೂಟ್ ಅಲ್ಲದ ಬೇರೆ ಸ್ಲೈಸಿನಿಂದ ಬೂಟ್ ಮಾಡಲು ಹೊರಟಿರುತ್ತದೆ.

"ಕೆನಾಟ್ ಮೌಂಟ್ ರೂಟ್" ಅನ್ನುವ ಪ್ಯಾನಿಕ್ ಬಂದರೆ ಕರ್ನಲ್ ಎದ್ದಿದೆ, ರೂಟ್ ಫೈಲ್ ಸಿಸ್ಟಮ್ ಹಿಡಿಯಲು ಆಗಿಲ್ಲ. ಇತ್ತೀಚೆಗೆ ಯಾರಾದರೂ /ಇಟಿಸಿ/ಸಿಸ್ಟಮ್ ಫೈಲ್ ತಿದ್ದಿದ್ದರೆ ಅದರ ಮೇಲೇ ಮೊದಲ ಅನುಮಾನ. ಓಕೆ ಪ್ರಾಂಪ್ಟಿನಲ್ಲಿ "ಬೂಟ್ -ಎ" ಕೊಡಿ, ಒಂದೊಂದೇ ಪ್ರಶ್ನೆ ಕೇಳುತ್ತದೆ, ಎಲ್ಲದಕ್ಕೂ ಎಂಟರ್ ಒತ್ತುತ್ತಾ ಹೋಗಿ, ಸಿಸ್ಟಮ್ ಫೈಲಿನ ಹೆಸರು ಕೇಳಿದಾಗ ಮಾತ್ರ /ಡೆವ್/ನಲ್ ಅಂತ ಬರೆಯಿರಿ. ಕೆಟ್ಟ ಫೈಲನ್ನು ಓದದೆಯೇ ಯಂತ್ರ ಎದ್ದು ಕೂರುತ್ತದೆ, ಆಮೇಲೆ ಒಳಗಿಂದಲೇ ತಿದ್ದಬಹುದು. ಈ ಒಂದು ಉಪಾಯ ಗೊತ್ತಿಲ್ಲದೆ ಪೂರ್ತಿ ಸೋಲಾರಿಸ್ ಮರುಸ್ಥಾಪನೆ ಮಾಡುವುದು ನೋಡಿದರೆ ಸಂಕಟವಾಗುತ್ತದೆ.

ಡಿಸ್ಕಿನ ವಾರ್ನಿಂಗುಗಳು ನೋಡಲು ಭಯಂಕರ, ಓದಲು ಸುಲಭ. ಒಂದನ್ನು ಹತ್ತಿರದಿಂದ ನೋಡೋಣ:

ವಾರ್ನಿಂಗ್: /...../ಎಸ್‌ಡಿ@3,0 (ಎಸ್‌ಡಿ3):
ಎರರ್ ಫಾರ್ ಕಮಾಂಡ್: ರೀಡ್(10)  ಎರರ್ ಲೆವೆಲ್: ರಿಟ್ರೈಯಬಲ್
ರಿಕ್ವೆಸ್ಟೆಡ್ ಬ್ಲಾಕ್: 1234  ಎರರ್ ಬ್ಲಾಕ್: 1240
ಸೆನ್ಸ್ ಕೀ: ಮೀಡಿಯಾ ಎರರ್

ಮೊದಲ ಸಾಲಿನ ಬಲತುದಿ ಯಾವ ಡಿಸ್ಕ್ ಅಂತ ಹೇಳುತ್ತದೆ: ಟಾರ್ಗೆಟ್ 3. ಎರಡನೆಯದರಲ್ಲಿ ಓದುವಾಗ ತೊಂದರೆ, ಇನ್ನೂ ಪ್ರಯತ್ನ ಬಿಟ್ಟಿಲ್ಲ. ರಿಟ್ರೈಯಬಲ್ ಜಾಗದಲ್ಲಿ "ಫೇಟಲ್" ಬಂದರೆ ಬಿಟ್ಟಿದೆ, ಆ ಬ್ಲಾಕ್ ಸಿಗಲಿಲ್ಲ. ಮೂರನೆಯದರಲ್ಲಿ 1234ರಿಂದ ಓದಲು ಹೊರಟು 1240ರಲ್ಲಿ ಎಡವಿದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೀಡಿಯಾ ಎರರ್ ಅಂದರೆ ಡಿಸ್ಕಿನ ಮೇಲ್ಮೈಯೇ ಕೆಟ್ಟಿದೆ. ಅದರ ಬದಲು "ಸ್ಕಸಿ ಟ್ರಾನ್ಸ್‌ಪೋರ್ಟ್ ಫೇಲ್ಡ್" ಅನ್ನುವ ಸಾಲುಗಳೇ ಬರುತ್ತಿದ್ದರೆ ಡಿಸ್ಕಿಗಿಂತ ಮೊದಲು ಕೇಬಲ್ ಮತ್ತು ಟರ್ಮಿನೇಟರ್ ನೋಡಿ.

ಮೀಡಿಯಾ ಎರರ್ ಕಂಡ ಡಿಸ್ಕಿನ ಮೇಲೆ ರಿಪೇರಿ ಕಮಾಂಡುಗಳನ್ನು ಓಡಿಸಬೇಡಿ. ಮೊದಲು ನಕಲು. ಸಿಡಿಯಿಂದ ಬೂಟ್ ಮಾಡಿ, ಡಿಡಿ ಕಮಾಂಡಿನಲ್ಲಿ "ಕಾನ್ವ್=ನೋಎರರ್,ಸಿಂಕ್" ಸೇರಿಸಿ ಸ್ಲೈಸ್ 2ನ್ನು ಬೇರೆ ಡಿಸ್ಕಿಗೆ ಎತ್ತಿಕೊಳ್ಳಿ. ಸನ್ ಡಿಸ್ಕಿನಲ್ಲಿ ಸ್ಲೈಸ್ 2 ಅಂದರೆ ಇಡೀ ಡಿಸ್ಕ್. ಸಾಯುತ್ತಿರುವ ಡಿಸ್ಕಿಗೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು.

ಹಂತ 6: ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ

ಎಫ್‌ಎಸ್‌ಸಿಕೆ ಅಂದರೆ ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಮಾಡುವ ಕಮಾಂಡ್. ಕರೆಂಟ್ ಹೋಗಿ ಯಂತ್ರ ನಿಂತಿದ್ದರೆ ಈ ಮೆಸೇಜ್ ಬರುವ ಸಾಧ್ಯತೆ ಜಾಸ್ತಿ:

/ಡೆವ್/ಆರ್‌ಡಿಎಸ್‌ಕೆ/ಸಿ0ಟಿ0ಡಿ0ಎಸ್0: ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ

ಆ ಉದ್ದದ ಹೆಸರಿನಲ್ಲಿ ಸಿ ಅಂದರೆ ಕಂಟ್ರೋಲರ್, ಟಿ ಟಾರ್ಗೆಟ್, ಡಿ ಡಿಸ್ಕ್, ಎಸ್ ಸ್ಲೈಸ್. ಆಮೇಲೆ ರೂಟ್ ಪಾಸ್‌ವರ್ಡ್ ಕೇಳುತ್ತದೆ, ಬೇಡವಾದರೆ ಕಂಟ್ರೋಲ್-ಡಿ ಒತ್ತಿ ಅನ್ನುತ್ತದೆ. ಕಂಟ್ರೋಲ್-ಡಿ ಒತ್ತಬೇಡಿ. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಮೆಸೇಜಿನಲ್ಲಿದ್ದ ಹೆಸರನ್ನೇ ಕೊಟ್ಟು ಎಫ್‌ಎಸ್‌ಸಿಕೆ ಓಡಿಸಿ. ಪ್ರಶ್ನೆಗಳು ನಾಲ್ಕೈದು ಇದ್ದರೆ ಓದಿ ಉತ್ತರಿಸಿ. ನೂರಾರು ಬರುತ್ತಿದ್ದರೆ ನಿಲ್ಲಿಸಿ, ಹಿಂದಿನ ಹಂತದ ಹಾಗೆ ನಕಲು ತೆಗೆದ ಮೇಲೆ "-ವೈ" ಸೇರಿಸಿ ಓಡಿಸಿ. ಹೆಸರು ಕಳೆದುಕೊಂಡ ಫೈಲುಗಳು ಲಾಸ್ಟ್+ಫೌಂಡ್ ಡೈರೆಕ್ಟರಿಯಲ್ಲಿ ನಂಬರಿನ ಹೆಸರಿನಲ್ಲಿ ಸಿಗುತ್ತವೆ. "ಫೈಲ್" ಕಮಾಂಡ್ ಹಾಕಿದರೆ ಯಾವುದು ಏನು ಅಂತ ಅಂದಾಜಾಗುತ್ತದೆ.

"ಬ್ಯಾಡ್ ಸೂಪರ್ ಬ್ಲಾಕ್: ಮ್ಯಾಜಿಕ್ ನಂಬರ್ ರಾಂಗ್" ಬಂದರೂ ಕೈಬಿಡಬೇಡಿ. ಸೂಪರ್‌ಬ್ಲಾಕ್ ಅಂದರೆ ಯುಎಫ್‌ಎಸ್ (ಸೋಲಾರಿಸ್ಸಿನ ಫೈಲ್ ಸಿಸ್ಟಮ್) ತನ್ನ ಮುಖ್ಯ ವಿವರ ಇಡುವ ಬ್ಲಾಕ್. ಯುಎಫ್‌ಎಸ್ ತನ್ನ ಸೂಪರ್‌ಬ್ಲಾಕಿನ ನಕಲುಗಳನ್ನು ಡಿಸ್ಕಿನುದ್ದಕ್ಕೂ ಇಟ್ಟಿರುತ್ತದೆ, ಮೊದಲನೆಯ ನಕಲು ಬ್ಲಾಕ್ 32ರಲ್ಲಿ. ಆ ನಂಬರ್ ಕೊಟ್ಟು ಹೀಗೆ ಓಡಿಸಿ, ಇಲ್ಲಿ ಗೆರೆಯ ಪಕ್ಕದ "-ಎಫ್" ಮಾತ್ರ ದೊಡ್ಡಕ್ಷರ:

ಎಫ್‌ಎಸ್‌ಸಿಕೆ -ಎಫ್ ಯುಎಫ್‌ಎಸ್ -ಓ ಬಿ=32 /ಡೆವ್/ಆರ್‌ಡಿಎಸ್‌ಕೆ/ಸಿ0ಟಿ0ಡಿ0ಎಸ್0

32ರದ್ದೂ ಕೆಟ್ಟಿದ್ದರೆ ಉಳಿದ ನಂಬರುಗಳನ್ನು "ನ್ಯೂಎಫ್‌ಎಸ್ -ಎನ್" ತೋರಿಸುತ್ತದೆ. ಆ ಎನ್ ದೊಡ್ಡಕ್ಷರದಲ್ಲೇ ಇರಬೇಕು, ಇದ್ದೇ ಇರಬೇಕು. ಅದಿಲ್ಲದ ನ್ಯೂಎಫ್‌ಎಸ್ ಹೊಸ ಫೈಲ್ ಸಿಸ್ಟಮ್ ಬರೆದು ಎಲ್ಲವನ್ನೂ ಅಳಿಸಿಬಿಡುತ್ತದೆ. ಎಂಟರ್ ಒತ್ತುವ ಮುಂಚೆ ಸಾಲನ್ನು ಎರಡು ಸಲ ಓದಿ.

ಈ ಹಂತದಲ್ಲಿ ವಿಐ ಎಡಿಟರ್ ಕೈಕೊಟ್ಟರೆ ಟರ್ಮ್ (ಯಾವ ಬಗೆಯ ಸ್ಕ್ರೀನ್ ಅಂತ ಹೇಳುವ ಸೆಟ್ಟಿಂಗ್, ಈ ಹೆಸರು ದೊಡ್ಡಕ್ಷರದಲ್ಲಿ) ಹೊಂದಿಸಿ: ಸನ್ ಮಾನಿಟರ್ ಆದರೆ "ಸನ್", ಸೀರಿಯಲ್ ಆದರೆ "ವಿಟಿ100".

ಹಂತ 7: ಎರರ್ ಇಲ್ಲ, ಸುಮ್ನೆ ನಿಂತಿದೆ

ಹೋಸ್ಟ್‌ನೇಮ್ ಸಾಲು ಬಂದು ನಿಮಿಷಗಟ್ಟಲೆ ಏನೂ ಆಗದಿದ್ದರೆ ಯಂತ್ರ ಯಾರಿಗೋ ಕಾಯುತ್ತಿದೆ. "ಎನ್‌ಎಫ್‌ಎಸ್ ಸರ್ವರ್ ನಾಟ್ ರೆಸ್ಪಾಂಡಿಂಗ್ ಸ್ಟಿಲ್ ಟ್ರೈಯಿಂಗ್" ಕಂಡರೆ ಹಳೆಯ ಕಚೇರಿಯ ಫೈಲ್ ಸರ್ವರನ್ನು ಈಗಲೂ ಹುಡುಕುತ್ತಿದೆ. "ಬೂಟ್ -ಎಸ್" ಕೊಟ್ಟು ಸಿಂಗಲ್ ಯೂಸರಿನಲ್ಲಿ ಎದ್ದು, /ಇಟಿಸಿ/ವಿಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಸಾಲಿನ ಮುಂದೆ # ಹಾಕಿ. "ಎನ್‌ಐಎಸ್ ಸರ್ವರ್ ನಾಟ್ ರೆಸ್ಪಾಂಡಿಂಗ್" ಆದರೂ ಇದೇ ಕಥೆ, ಹಳೆಯ ಡೊಮೇನ್ ಹೆಸರಿರುವ /ಇಟಿಸಿ/ಡಿಫಾಲ್ಟ್‌ಡೊಮೇನ್ ಫೈಲಿನ ಹೆಸರು ಬದಲಿಸಿಡಿ. ಅಳಿಸಬೇಡಿ, ಮುಂದೆ ಬೇಕಾಗಬಹುದು.

"ಮೈ ಅನ್‌ಕ್ವಾಲಿಫೈಡ್ ಹೋಸ್ಟ್ ನೇಮ್ ಅನ್‌ನೋನ್, ಸ್ಲೀಪಿಂಗ್ ಫಾರ್ ರಿಟ್ರೈ" ಅನ್ನುವುದು ಮೇಲ್ ಕಳಿಸುವ ಪ್ರೋಗ್ರಾಂ ಸೆಂಡ್‌ಮೇಲ್. ತೊಂದರೆ ಏನಿಲ್ಲ, /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರಿನ ಪಕ್ಕ ಚುಕ್ಕಿ ಸಮೇತ ಪೂರ್ತಿ ಹೆಸರು ಸೇರಿಸಿದರೆ ಬಾಯಿ ಮುಚ್ಚುತ್ತದೆ. "ಲಿಂಕ್ ಡೌನ್ - ಕೇಬಲ್ ಪ್ರಾಬ್ಲಮ್?" ಅಂದರೆ ಹೇಳಿದ್ದೇ ನಿಜ, ಕೇಬಲ್ ನೋಡಿ.

2005ರಲ್ಲಿ ಬಂದ ಸೋಲಾರಿಸ್ 10 ಇದ್ದರೆ ಸ್ಟಾರ್ಟ್‌ಅಪ್ ಸ್ಕ್ರಿಪ್ಟುಗಳ ಜಾಗದಲ್ಲಿ ಎಸ್‌ಎಂಎಫ್ ಅನ್ನುವ, ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ ಇದೆ. ಅಲ್ಲಿ ಯಾವುದೋ ಸೇವೆ "ಮೇಂಟೆನೆನ್ಸ್" ಸ್ಥಿತಿಗೆ ಹೋಯಿತು ಅನ್ನುವ ಮೆಸೇಜ್ ಬರುತ್ತದೆ. "ಎಸ್‌ವಿಸಿಎಸ್ -ಎಕ್ಸ್‌ವಿ" ಕೊಡಿ. ಯಾವುದು ಬಿದ್ದಿದೆ, ಅದರಿಂದ ಇನ್ನು ಯಾವುದು ನಿಂತಿದೆ, ಲಾಗ್ ಫೈಲ್ ಎಲ್ಲಿದೆ ಎಲ್ಲವನ್ನೂ ತಾನೇ ಹೇಳುತ್ತದೆ. ಮೂಲ ಸರಿಮಾಡಿದ ಮೇಲೆ "ಎಸ್‌ವಿಸಿಎಡಿಎಂ ಕ್ಲಿಯರ್" ಮತ್ತು ಸೇವೆಯ ಹೆಸರು.

ಯಂತ್ರ ಎದ್ದ ದಿನವೇ ಮಾಡಬೇಕಾದ್ದು

ಓಕೆ ಪ್ರಾಂಪ್ಟಿನಲ್ಲಿ ಬ್ಯಾನರ್, ಪ್ರಿಂಟ್‌ಎನ್ವ್, ಡೆವ್‌ಏಲಿಯಾಸ್ ಮೂರರ ಉತ್ತರವನ್ನೂ ಲಾಗ್ ಫೈಲಿಗೆ ತೆಗೆದುಕೊಳ್ಳಿ. ಸೋಲಾರಿಸ್ ಒಳಗೆ ಪಿಆರ್‌ಟಿವಿಟಿಒಸಿ ಕಮಾಂಡಿಗೆ ಸ್ಲೈಸ್ 2ರ ಹೆಸರು ಕೊಟ್ಟು ಡಿಸ್ಕ್ ಲೇಬಲ್ಲಿನ ಪಟ್ಟಿ ತೆಗೆಯಿರಿ, /ಇಟಿಸಿ/ವಿಎಫ್‌ಎಸ್‌ಟ್ಯಾಬ್ ಫೈಲಿನ ಪ್ರತಿಯನ್ನೂ ಸೇರಿಸಿ. ಈಥರ್‌ನೆಟ್ ವಿಳಾಸ ಮತ್ತು ಹೋಸ್ಟ್ ಐಡಿಯನ್ನು ಮಾತ್ರ ಕಾಗದದಲ್ಲಿ ಬರೆದು, ಕ್ಯಾಬಿನೆಟ್ಟಿನ ಮುಚ್ಚಳದ ಒಳಗಡೆ ಗಾಳಿ ಓಡಾಡುವ ಕಿಂಡಿ ಬಿಟ್ಟು ಬೇರೆ ಕಡೆ ಅಂಟಿಸಿ.